ಸುಳ್ಳುಬುರುಕ ಸೆನ್ಸರೂ ಸತ್ಯವಂತ ಇರಜ್ ಆಗಾರೂ

"ಇನ್ಮೇಲೆ ನನ್ನ ಕಾರಿನ ಮೇಲೆ ಯಾವ ಮೆಕ್ಯಾನಿಕ್ಕಿನ ಕೈಯೂ ಬೀಳಕೂಡದು! ನಾನೇ ರಿಪೇರಿ ಮಾಡ್ತೀನಿ!"

ಶುಕ್ರವಾರದ ಊಟದ ನಡುವೆ, ಕೇಸರಿ ಅನ್ನದ ರಾಶಿಯಲ್ಲಿ ನೆಟ್ಟಿದ್ದ ಚಮಚವನ್ನು ಖಡ್ಗದಂತೆ ಹಿರಿದು ಇರಜ್ ಆಗಾ ಹೀಗೆ ಘೋಷಿಸಿದರು. ದಂಡೆತ್ತಿ ಹೊರಟ ಷಹನ್‌ಷಾಗಳೂ ಇಷ್ಟು ಗಟ್ಟಿಯಾಗಿ ಕೂಗಿರಲಾರರು. ಚಮಚದಿಂದ ಹಾರಿದ ನಾಲ್ಕು ಅಗುಳು ನೇರವಾಗಿ ಷಡ್ಡಕ ನಾದೆರ್‌ನ ಮೊಸರಿನ ಬಟ್ಟಲಿಗೆ ಬಿದ್ದವು.

ಘೋಷಣೆಗೆ ಕಾರಣವಿತ್ತು. ಹಿಂದಿನ ದಿನ ಇರಜ್ ಆಗಾರ ಇಪ್ಪತ್ತೊಂದು ವರ್ಷದ ಬಿಳಿ ಕಾರು ಹೊಗೆ ತಪಾಸಣೆಯಲ್ಲಿ ಡುಮ್ಕಿ ಹೊಡೆದಿತ್ತು. ತಪಾಸಣೆಯ ಹುಡುಗ ಸೈಲೆನ್ಸರಿಗೆ ಕೊಳವೆ ತುರುಕಿ, ಪರದೆ ನೋಡಿ, ಮೂಗಿಗೆ ಕರವಸ್ತ್ರ ಹಿಡಿದು, "ಆಗಾ, ಇದು ಕಾರಲ್ಲ, ಇಟ್ಟಿಗೆ ಗೂಡು" ಎಂದಿದ್ದ. ಮುಂದಿನ ಗುರುವಾರ ಸಂಜೆ ಬೆಟ್ಟದಾಚೆಯ ರಶ್ತ್‌ನಲ್ಲಿ ಹೆಂಡತಿ ತೂಬಾಳ ಅಣ್ಣನ ಮಗಳ ಮದುವೆ. ತಪಾಸಣೆಯ ಚೀಟಿ ಇಲ್ಲದೆ ಟೆಹ್ರಾನಿನಿಂದ ಹೆದ್ದಾರಿಗೆ ಇಳಿದರೆ ಕಂಬಕ್ಕೊಂದು ಕ್ಯಾಮೆರಾ ಕಣ್ಣು ಹೊಡೆದು ದಂಡ ಹಾಕುತ್ತದೆ.

"ಯಾಕೆ ಒದ್ದಾಡ್ತೀರಾ ಇರಜ್ ಜಾನ್? ನಮ್ಮ ಕಾರಲ್ಲೇ ಬನ್ನಿ" ಎಂದ ನಾದೆರ್, ಮೊಸರಿನಿಂದ ಅಗುಳು ಆರಿಸುತ್ತ. "ಹಿಂದಿನ ಸೀಟಲ್ಲಿ ಅತ್ತೆ ಪಕ್ಕ ಜಾಗ ಇದೆ. ಮಧ್ಯೆ ಸ್ವಲ್ಪ ಉಬ್ಬಿದೆ, ಕಾಲು ಮಡಚಿಕೊಂಡ್ರೆ ಆಯ್ತು."

ಅತ್ತೆಯ ಪಕ್ಕ! ಉಬ್ಬಿನ ಮೇಲೆ! ಷಡ್ಡಕನ ಹೊಸ ಕಾರಿನ ಹಿಂದಿನ ಸೀಟಿನಿಂದ, ಇಡೀ ಬೀಗರ ಬಳಗದ ಕಣ್ಣೆದುರು, ಮೂಟೆ ಇಳಿದ ಹಾಗೆ ಇಳಿಯುವುದು! ಇರಜ್ ಆಗಾ ಅನ್ನದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. ಪ್ರಾಣ ಹೋದರೂ ಸರಿ, ಆ ಸೀಟಿನಲ್ಲಿ ಕೂರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದರು.

"ಮೆಕ್ಯಾನಿಕ್ ಹತ್ರ ತೋರಿಸಿ ಅಂತ ಆರು ತಿಂಗಳಿಂದ ಬಡ್ಕೋತಿದೀನಿ" ಎಂದಳು ತೂಬಾ.

"ಮೆಕ್ಯಾನಿಕ್ಕೇ? ಎಣ್ಣೆ ಕೈ ಒರೆಸಿಕೊಳ್ಳೋಕೂ ಬಾರದ ಜನ! ಇಪ್ಪತ್ತೆಂಟು ವರ್ಷ ನೀರಿನ ಮೀಟರ್ ಬಿಚ್ಚಿದ ಕೈ ಕಣೇ ಇದು!"

ಆ ಮಾತು ನಿಜ. ಇರಜ್ ಆಗಾ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ವಿಭಾಗದಿಂದ ನಿವೃತ್ತರಾದವರು. ಮೀಟರಿಗೆ ಅಯಸ್ಕಾಂತ ಅಂಟಿಸುವವರು, ಸೂಜಿ ಚುಚ್ಚುವವರು, ಮೀಟರನ್ನು ತಲೆಕೆಳಗು ಮಾಡಿ ಅಮಾಯಕರಂತೆ ಚಹಾ ಕೊಡುವವರು, ಎಲ್ಲರನ್ನೂ ನೋಡಿದ್ದರು. ಅಷ್ಟು ವರ್ಷದ ಸೇವೆಯಿಂದ ಅವರು ಸಂಪಾದಿಸಿದ್ದು ಒಂದೇ ಜ್ಞಾನ: ಅಳೆಯುವ ಯಂತ್ರವೆಂದರೆ ಸುಳ್ಳು ಹೇಳುವ ಯಂತ್ರ. ಪಿಂಚಣಿ ಶುರುವಾದ ಮೇಲೆ ಗೋಡೆ ಗಡಿಯಾರವನ್ನೂ ನಂಬುತ್ತಿರಲಿಲ್ಲ.

ಶನಿವಾರ ಬೆಳಗ್ಗೆಯೇ ಒಂದು ಸ್ಕ್ಯಾನರ್ ಬಂತು. ಬೆಂಕಿಪೊಟ್ಟಣದಷ್ಟಿದ್ದ ಅದನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರೆ ಕಾರಿನ ಹೊಟ್ಟೆಯ ವಿಷಯವೆಲ್ಲ ಫೋನಿನಲ್ಲಿ ಕಾಣುತ್ತದೆ. ಇರಜ್ ಆಗಾ ನಾರ್ಮಾಕ್ ಬಡಾವಣೆಯ ತಮ್ಮ ಗಲ್ಲಿಯಲ್ಲಿ ಎಂಜಿನ್ ಆರಿಸದೆ ಕಾರನ್ನು ಅರ್ಧ ಗಂಟೆ ನಿಲ್ಲಿಸಿ, ಅಕ್ಕಪಕ್ಕದ ಮೂರು ಮನೆಯವರು ಕಿಟಕಿ ಮುಚ್ಚಿಕೊಂಡ ಮೇಲೆ, ಕನ್ನಡಕ ಏರಿಸಿ ಫೋನು ನೋಡಿದರು. ಎಂಜಿನ್ನಿನ ನೀರಿನ ಶಾಖ ನಲವತ್ತು ಡಿಗ್ರಿ. ಇರಬೇಕಾದದ್ದು ತೊಂಬತ್ತು.

"ನಲವತ್ತು! ನಾನು ಸ್ನಾನ ಮಾಡೋ ನೀರೇ ಇದಕ್ಕಿಂತ ಬಿಸಿ! ತೂಬಾ, ಬಾ ಇಲ್ಲಿ, ಕಳ್ಳ ಸಿಕ್ಕಿಬಿದ್ದ!"

ತೂಬಾ ಕಿಟಕಿಯಿಂದ ತಲೆ ಹಾಕಿದಳು. ಇರಜ್ ಆಗಾ ಇಡೀ ಗಲ್ಲಿಗೆ ಕೇಳುವಂತೆ ಪಾಠ ಮಾಡಿದರು. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳಲು ಒಂದು ಸೆನ್ಸರ್ ಇದೆ. ಆ ಲಫಂಗ ಸೆನ್ಸರು ಬಿಸಿ ಎಂಜಿನ್ನನ್ನು ತಣ್ಣಗಿದೆ ಎಂದು ಚಾಡಿ ಹೇಳುತ್ತದೆ. ಕಾರಿನ ಕಂಪ್ಯೂಟರು ಅದನ್ನು ನಂಬಿ, ಪಾಪ ಚಳಿ ಎಂದು ಪೆಟ್ರೋಲನ್ನು ಎರಡು ಪಾಲು ಸುರಿಯುತ್ತದೆ. ಸುಡದೆ ಉಳಿದದ್ದು ಹೊಗೆಯಾಗಿ ಹಿಂದಿನಿಂದ ಬರುತ್ತದೆ. ಎಲ್ಲದಕ್ಕೂ ಮೂಲ ಒಂದು ಸುಳ್ಳುಬುರುಕ ಸೆನ್ಸರು!

"ಅದು ನಿಜ ಹೇಳ್ತಿದ್ರೆ?" ಎಂದಳು ತೂಬಾ.

"ಏನು?"

"ಎಂಜಿನ್ ನಿಜವಾಗ್ಲೂ ತಣ್ಣಗಿದ್ರೆ? ಈ ಚಳಿಗಾಲ ಪೂರ್ತಿ ಕಾರಿನ ಹೀಟರಲ್ಲಿ ಬಿಸಿ ಗಾಳಿನೇ ಬರ್ಲಿಲ್ಲ. ಎರಡೆರಡು ಸಾಕ್ಸ್ ಹಾಕ್ಕೊಂಡು ಕೂತಿದೀನಿ."

ಇರಜ್ ಆಗಾ ನಕ್ಕರು. ಆ ನಗುವಿನಲ್ಲಿ ಇಪ್ಪತ್ತೆಂಟು ವರ್ಷದ ತಿರಸ್ಕಾರವಿತ್ತು. "ಹೀಟರಿಗೂ ಸೆನ್ಸರಿಗೂ ಏನೇ ಸಂಬಂಧ? ನೀನು ಹೋಗಿ ಬೇಳೆ ನೋಡು, ಸೀಯುತ್ತಿರೋ ವಾಸನೆ ಬರ್ತಿದೆ."

"ಅದು ನಿಮ್ಮ ಕಾರಿನ ವಾಸನೆ" ಎಂದು ಹೇಳಿ ತೂಬಾ ಕಿಟಕಿ ಮುಚ್ಚಿದಳು.

ಭಾನುವಾರ ಹೊಸ ಸೆನ್ಸರು ಬಂತು. ಹಾಕಿದರು. ನಲವತ್ತು! "ಅಂಗಡಿಯವನು ಮೋಸ ಮಾಡಿದ. ಹಳೇ ಸುಳ್ಳುಗಾರನ ತಮ್ಮನನ್ನೇ ಕೊಟ್ಟಿದ್ದಾನೆ!" ಸೋಮವಾರ ಬೇರೆ ಅಂಗಡಿಯಿಂದ ಇನ್ನೊಂದು. ನಲವತ್ತೊಂದು. "ಇದು ಚಿಕ್ಕಪ್ಪನ ಮಗ!" ಮೂವರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಯಾವ ನ್ಯಾಯಾಧೀಶನಾದರೂ ನಂಬಿಯಾನು. ಇರಜ್ ಆಗಾ ಮಾತ್ರ, ಮೂವರೂ ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಎಂದರು.

ಮಂಗಳವಾರ ಸೈಲೆನ್ಸರ್ ಕೊಳವೆಯಲ್ಲಿರುವ ಇನ್ನೊಂದು ಸೆನ್ಸರಿನ ಮೇಲೆ ದಾಳಿ ನಡೆಯಿತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಆ ಬಡಪಾಯಿ ಇಪ್ಪತ್ತೊಂದು ವರ್ಷದಿಂದ ತುಕ್ಕು ಹಿಡಿದು ಕೊಳವೆಗೇ ಬೆಸೆದುಕೊಂಡಿತ್ತು. ಇರಜ್ ಆಗಾ ಕಾರಿನಡಿ ಅಂಗಾತ ಮಲಗಿ ಸ್ಪ್ಯಾನರಿಗೆ ಜೋತು ಬಿದ್ದರು, ಒದ್ದರು, ಸುತ್ತಿಗೆಯಿಂದ ಬಡಿದರು, ಅದರ ವಂಶವನ್ನು ಏಳು ತಲೆಮಾರಿನವರೆಗೆ ಜಾಲಾಡಿದರು. ಕೊನೆಗೆ ಸೆನ್ಸರು ಕಳಚಿತು. ಜೊತೆಗೆ ಒಂದು ಮುಷ್ಟಿ ಮಸಿಯೂ ಕಳಚಿ ನೇರವಾಗಿ ಮುಖಕ್ಕೆ ಬಿತ್ತು. ಮನೆಯ ಗಂಟೆ ಒತ್ತಿದಾಗ ತೂಬಾ ಬಾಗಿಲು ಅರ್ಧ ತೆರೆದು ಕೇಳಿದಳು:

"ಯಾರು ಬೇಕಾಗಿತ್ತು?"

ಹೊಸ ಆಮ್ಲಜನಕದ ಸೆನ್ಸರು ಹಾಕಿದ ಮೇಲೆ ಕಾರು ಮೊದಲಿಗಿಂತ ಚುರುಕಾಗಿ ಹೊಗೆ ಬಿಟ್ಟಿತು. ರಾತ್ರಿಗೆ ನಾದೆರ್‌ನ ಫೋನು. "ಇರಜ್ ಜಾನ್, ಹಿಂದಿನ ಸೀಟು ಹಾಗೇ ಖಾಲಿ ಇಟ್ಟಿದೀನಿ. ಉಬ್ಬಿನ ಮೇಲೆ ಒಂದು ದಿಂಬೂ ಹಾಕಿದೀನಿ."

"ದಿಂಬು ನಿಮ್ಮ ತಲೆಗಿಟ್ಕೊಳ್ಳಿ!" ಎನ್ನಬೇಕೆಂದು ನಾಲಗೆ ತುದಿಗೆ ಬಂದಿತ್ತು. "ನಿಮ್ಮ ನೆರಳು ನಮ್ಮ ಮೇಲೆ ಸದಾ ಇರಲಿ ನಾದೆರ್ ಜಾನ್" ಎಂದು ಹಲ್ಲು ಕಚ್ಚಿ ಹೇಳಿ ಫೋನಿಟ್ಟರು.

ಬುಧವಾರ ಮಧ್ಯಾಹ್ನ, ತೂಬಾಳಿಗೆ ಬ್ರೆಡ್ಡು ತರುತ್ತೇನೆ ಎಂದು ಹೇಳಿ, ನಾಲ್ಕು ಬಡಾವಣೆ ದಾಟಿ, ಗುರುತಿನವರು ಯಾರೂ ಬಾರದ ಒಂದು ಗ್ಯಾರೇಜಿನ ಮುಂದೆ ಇರಜ್ ಆಗಾ ಕಾರು ನಿಲ್ಲಿಸಿದರು. ಗ್ಯಾರೇಜಿನ ಒಡೆಯ ಉಸ್ತಾದ್ ಯದುಲ್ಲಾ, ಕಿವಿಯ ಹಿಂದೆ ಸಿಗರೇಟು ಸಿಕ್ಕಿಸಿಕೊಂಡ ದಪ್ಪ ಮನುಷ್ಯ.

"ನನ್ನ ಕಾರಲ್ಲ ಇದು" ಎಂದು ಇರಜ್ ಆಗಾ ಕೇಳುವ ಮೊದಲೇ ಹೇಳಿದರು. "ಸ್ನೇಹಿತರದು. ರಿಪೇರಿ ಏನೂ ಬೇಡ. ಸುಮ್ಮನೆ ಒಂದು ಅಭಿಪ್ರಾಯ."

ಯದುಲ್ಲಾ ಸ್ಕ್ಯಾನರ್ ಮುಟ್ಟಲಿಲ್ಲ. ಬಾನೆಟ್ ಎತ್ತಿದ. ರೇಡಿಯೇಟರಿನ ಮೇಲಿನ ದಪ್ಪ ಕೊಳವೆಯನ್ನು ಎರಡು ಬೆರಳಲ್ಲಿ, ಹೆಣ್ಣುಮಗುವಿನ ಕೆನ್ನೆ ಹಿಂಡಿದ ಹಾಗೆ ಹಿಂಡಿದ.

"ತಣ್ಣಗಿದೆ, ಆದ್ರೂ ಒಳಗೆ ನೀರು ಓಡ್ತಿದೆ. ಸೆನ್ಸರ್ ಸರಿಯಾಗೇ ಹೇಳ್ತಿದೆ ಆಗಾ. ಇದರಲ್ಲಿ ಥರ್ಮೋಸ್ಟಾಟೇ ಇಲ್ವಲ್ಲ! ಎಂಜಿನ್ ಬಿಸಿಯಾಗೋ ತನಕ ನೀರನ್ನ ರೇಡಿಯೇಟರಿಗೆ ಬಿಡದೆ ತಡೆಯೋ ಅಂಗೈಯಗಲದ ಬಿಲ್ಲೆ. ಅದನ್ನೇ ಯಾರೋ ಕಿತ್ತು ಬಿಸಾಕಿದಾರೆ. ಈ ಚಳೀಲಿ ಎಂಜಿನ್ ಬಿಸಿ ಆಗೋದು ಹೇಗೆ? ಯಾವ ಕತ್ತೆ ಮಾಡಿದ ಕೆಲಸ ಇದು?"

ಇರಜ್ ಆಗಾ ಬಾನೆಟ್ಟಿನ ಕಡೆಯಿಂದ ಮುಖ ತಿರುಗಿಸಿದರು. ಕಳೆದ ಬೇಸಿಗೆಯಲ್ಲಿ, ಚಾಲೂಸ್ ಘಾಟಿಯಲ್ಲಿ ಕಾರು ಬಿಸಿಯಾದಾಗ, ರಸ್ತೆ ಬದಿಯಲ್ಲಿ ನಿಂತು, "ಈ ಬಿಲ್ಲೆಯೇ ನೀರಿಗೆ ಅಡ್ಡ! ಚಳಿ ದೇಶದವರಿಗಾಗಿ ಮಾಡಿದ್ದು, ನಮಗ್ಯಾಕೆ?" ಎಂದು ಭಾಷಣ ಮಾಡಿ, ಆ ಬಿಲ್ಲೆಯನ್ನು ನದಿಗೆ ಎಸೆದ ದೊಡ್ಡ ಮನುಷ್ಯ ಕಣ್ಣ ಮುಂದೆ ಬಂದ. ಆ ದೊಡ್ಡ ಮನುಷ್ಯನಿಗೆ ಇವರದೇ ಮೀಸೆ ಇತ್ತು.

"ಹೌದು, ಯಾವನೋ ಕತ್ತೆ" ಎಂದರು ಇರಜ್ ಆಗಾ.

"ಕತ್ತೆಯಲ್ಲ, ಹೇಸರಗತ್ತೆ!"

"ಶುದ್ಧ ಹೇಸರಗತ್ತೆ" ಎಂದು ಅದಕ್ಕೂ ತಲೆಯಾಡಿಸಿದರು.

ಯದುಲ್ಲಾ ಕೈ ಒರೆಸಿಕೊಂಡ. "ಪಕ್ಕದ ಅಂಗಡೀಲಿ ಬಿಲ್ಲೆ ಸಿಗುತ್ತೆ. ಅರ್ಧ ಗಂಟೆ ಕೆಲಸ, ಹಾಕಿಕೊಡ್ತೀನಿ. ಕೂತ್ಕೊಳ್ಳಿ, ಚಹಾ ಕುಡೀರಿ."

ಇಲ್ಲಿ ಇರಜ್ ಆಗಾ "ಆಗಲಿ" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮರ್ಯಾದಸ್ಥನಾದವನು ಒಂದೇ ಮಾತಿಗೆ ಒಪ್ಪಿಕೊಂಡರೆ ನಾಲ್ಕು ಜನ ಏನಂದಾರು? ಚಹಾ ಆಗಲಿ, ಕಬಾಬ್ ಆಗಲಿ, ಹೆಣ್ಣು ಕೊಡುವುದೇ ಆಗಲಿ, ಎರಡು ಸಲ ಬೇಡವೆಂದು ಮೂರನೆಯ ಒತ್ತಾಯಕ್ಕೆ ಮಣಿಯುವುದು ಪದ್ಧತಿ.

"ಛೆ ಛೆ, ನಿಮ್ಮ ಕೈ ನೋಯಿಸೋದೇ? ಬೇಡಿ ಉಸ್ತಾದ್."

"ನೋವೇನು ಬಂತು? ನೀವು ನನ್ನ ಅಣ್ಣನ ಹಾಗೆ. ಕೂತ್ಕೊಳ್ಳಿ."

"ನಿಮ್ಮ ದೊಡ್ಡ ಮನಸ್ಸು. ಆದ್ರೂ ಇಷ್ಟು ಕೆಲಸದ ಮಧ್ಯೆ ನಿಮಗೆ ತೊಂದರೆ ಕೊಡಲಾರೆ."

ಎರಡಾಯಿತು. ಇನ್ನೊಂದೇ ಒಂದು! ಇರಜ್ ಆಗಾ ಒಪ್ಪಿಗೆಯ ಮಾತನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡು, ತಲೆ ಅರ್ಧ ಬಾಗಿಸಿ, ನಾಚಿದ ಮದುಮಗಳ ಹಾಗೆ ನಿಂತರು. ಯದುಲ್ಲಾ ಬಾಯಿ ತೆರೆದ. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. ಮನೆಗೆ ನೆಂಟರು ಬರುವವರಿದ್ದರು. ಮೊಸರು ಬೇಕು, ಸೌತೆಕಾಯಿ ಬೇಕು, ಸೌತೆಕಾಯಿ ಸಣ್ಣದಿರಬೇಕು, ಕಳೆದ ಸಲದ ಹಾಗೆ ಕಹಿ ಇರಬಾರದು. ಮಾತು ಮುಗಿದಾಗ ಯದುಲ್ಲಾನ ತಲೆಯಲ್ಲಿ ಸೌತೆಕಾಯಿಯ ಹೊರತು ಬೇರೇನೂ ಉಳಿದಿರಲಿಲ್ಲ.

"ಸರಿ ಆಗಾ, ಖುದಾ ಹಾಫಿಜ್" ಎಂದು ಬೇರೊಂದು ಕಾರಿನಡಿ ನುಸುಳಿದ.

ಮೂರನೆಯ ಒತ್ತಾಯ ಬರಲೇ ಇಲ್ಲ! ಇರಜ್ ಆಗಾ ಗಾಜು ಒರೆಸಿದರು. ಕೆಮ್ಮಿದರು. ಬಾನೆಟ್ ಮುಚ್ಚಿ ತೆರೆದು ಮತ್ತೆ ಮುಚ್ಚಿದರು. ಕಾರಿನಡಿಯಿಂದ ಎರಡು ಪಾದಗಳು ಕಾಣುತ್ತಿದ್ದವು, ಅವು ಒತ್ತಾಯಿಸಲಿಲ್ಲ. ತಾವಾಗಿ ಕೇಳುವುದೇ? ನೀರು ಸರಬರಾಜು ಕಚೇರಿಯ ಮಾಜಿ ಮೀಟರ್ ಅಧಿಕಾರಿ! ಅಷ್ಟರಲ್ಲಿ ಪಕ್ಕದ ಬಿಡಿಭಾಗದ ಅಂಗಡಿಯವನು ಷಟರ್ ಎಳೆದು ಬೀಗ ಹಾಕಿದ.

ಗುರುವಾರ ಮುಂಜಾನೆ ಇರಜ್ ಆಗಾರ ಮೀಟರ್ ಬುದ್ಧಿ ಚುರುಕಾಯಿತು. ಎಂಜಿನ್ ಬಿಸಿಯಾಗಬೇಕು ತಾನೆ? ರೇಡಿಯೇಟರಿಗೆ ಗಾಳಿ ತಗಲದಿದ್ದರಾಯಿತು! ಡಿಕ್ಕಿಯಲ್ಲಿ ಪಿಕ್‌ನಿಕ್ಕಿನ ಜಮಖಾನ ಇತ್ತು. ಅದಿಲ್ಲದ ಕಾರು ಆ ಊರಿನಲ್ಲಿ ಹುಡುಕಿದರೂ ಸಿಗದು. ಅದನ್ನು ನಾಲ್ಕು ಮಡಿಕೆ ಮಾಡಿ ಮುಂದಿನ ಜಾಲರಿಗೂ ರೇಡಿಯೇಟರಿಗೂ ನಡುವೆ ತುರುಕಿ ಬಾನೆಟ್ ಮುಚ್ಚಿದರು. ಹತ್ತೇ ನಿಮಿಷ! ಶಾಖದ ಮುಳ್ಳು ಏರಿತು, ಎಂಬತ್ತು, ತೊಂಬತ್ತು. ಇಷ್ಟು ದಿನ ಉರಿಯುತ್ತಿದ್ದ ಎಂಜಿನ್ನಿನ ಎಚ್ಚರಿಕೆ ದೀಪ ಆರಿತು. ತಪಾಸಣೆ ಕೇಂದ್ರದಲ್ಲಿ ಅದೇ ಹುಡುಗ ಪರದೆಯನ್ನು ಎರಡು ಸಲ ಉಜ್ಜಿ ನೋಡಿದ.

"ಏನು ಮಾಡಿದ್ರಿ ಆಗಾ?"

"ಅನುಭವ" ಎಂದರು ಇರಜ್ ಆಗಾ, ಮೀಸೆಯ ಮೇಲೆ ಕೈಯಾಡಿಸಿ.

ಚೀಟಿಯನ್ನು ಗಾಜಿಗೆ ಅಂಟಿಸಿಕೊಂಡು ಮನೆಗೆ ಬಂದರು. ತೂಬಾ ಮದುವೆಯ ಉಡುಪಿನ ಚೀಲ ಹಿಡಿದು ಹತ್ತಿ ಕೂತಳು. ಹೀಟರಿನಿಂದ ಬಿಸಿ ಗಾಳಿ ಬಂತು. ಅವಳು ಅನುಮಾನದಿಂದ ಗಂಡನನ್ನು ನೋಡಿ, ಒಂದು ಜೊತೆ ಸಾಕ್ಸ್ ಕಳಚಿದಳು.

"ಏನಾಗಿತ್ತಂತೆ?"

"ನಾನು ಮೊದಲೇ ಹೇಳಿರ್ಲಿಲ್ವಾ? ಸೆನ್ಸರ್ ಸುಳ್ಳು ಹೇಳ್ತಿತ್ತು. ಬುದ್ಧಿ ಕಲಿಸಿದೆ. ಆದ್ರೂ ಅದರ ಜಾತಿನೇ ಸುಳ್ಳು. ಆ ಮುಳ್ಳು ಏನು ತೋರಿಸಿದ್ರೂ ನಂಬಬೇಡ."

ಬಿಲ್ಲೆಯ ವಿಷಯ ಬಾಯಿ ಬಿಡಲಿಲ್ಲ. ಜಮಖಾನದ ವಿಷಯವಂತೂ ಅವರಿಗೇ ಮರೆತುಹೋಗಿತ್ತು! ಗೆದ್ದ ಖುಷಿಯಲ್ಲಿ ತೆಗೆಯಬೇಕೆಂಬುದು ಹೊಳೆಯಲೇ ಇಲ್ಲ. ಕಜ್ವೀನಿನವರೆಗೆ ಸಮತಟ್ಟಾದ ದಾರಿ, ಮೂಳೆ ಕೊರೆಯುವ ಚಳಿ. ಕಾರು ಹಾಡುತ್ತ ಹೋಯಿತು. ನಾದೆರ್‌ನ ಕಾರನ್ನು ಹೆದ್ದಾರಿಯಲ್ಲಿ ಹಿಂದೆ ಹಾಕಿದಾಗ ಇರಜ್ ಆಗಾ ಎರಡು ಸಲ ಹಾರನ್ ಹೊಡೆದರು. ಆಮೇಲೆ ಅವರ ಕಣ್ಣೆಲ್ಲ ಹಿಂದಿನ ಕನ್ನಡಿಯಲ್ಲೇ. ನಾದೆರ್ ಎಷ್ಟು ಹಿಂದೆ ಬಿದ್ದ? ಇನ್ನೂ ಕಾಣುತ್ತಾನೆಯೇ? ಕಾಣುವುದಿಲ್ಲ! ಭೇಷ್!

ಕೂಹೀನ್ ಘಾಟಿ ಶುರುವಾಯಿತು. ಅರ್ಧ ಏರಿದಾಗ ಬಾನೆಟ್ಟಿನ ಸಂದಿಯಿಂದ ಒಂದು ಸಣ್ಣ ಎಳೆ ಹಬೆ ಬಂತು. ಆಮೇಲೆ ಎರಡು ಎಳೆ. ಆಮೇಲೆ ಹಮಾಮಿನ ಬಾಗಿಲೇ ತೆರೆದುಕೊಂಡಿತು. ಏನೋ ಢಬ್ ಎಂದಿತು. ಕಾರು ರಸ್ತೆಯ ಬದಿಗೆ ಸರಿದು, ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು.

"ಅಯ್ಯೋ! ಮುಳ್ಳು ಕೆಂಪು ದಾಟಿ ಮೂಲೆಗೆ ಹೋಗಿ ಕೂತಿದೆಯಲ್ಲೇ! ನೀನು ನೋಡ್ಲಿಲ್ವಾ?"

"ನೋಡ್ದೆ" ಎಂದಳು ತೂಬಾ. "ಅರ್ಧ ಗಂಟೆಯಿಂದ ನೋಡ್ತಾನೇ ಇದೀನಿ."

"ಹೇಳೋದಲ್ವೇನೇ!"

"ನೀವೇ ನಂಬಬೇಡ ಅಂದ್ರಿ."

ಇರಜ್ ಆಗಾ ಬಾನೆಟ್ ಎತ್ತಿದರು. ಹಬೆಯ ನಡುವೆ ಜಮಖಾನ ಬೆಂದ ಆಲೂಗಡ್ಡೆಯ ಹಾಗೆ ಹೊಗೆಯಾಡುತ್ತಿತ್ತು. ತೂಬಾ ಜಮಖಾನ ನೋಡಿದಳು. ಗಂಡನನ್ನು ನೋಡಿದಳು. ಕಳಚಿಟ್ಟಿದ್ದ ಸಾಕ್ಸನ್ನು ಮತ್ತೆ ಹಾಕಿಕೊಂಡಳು. ಬೆಟ್ಟದ ಗಾಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿರುವಾಗ ನಾದೆರ್‌ನ ಕಾರು ಬಂದು ಪಕ್ಕದಲ್ಲಿ ನಿಂತಿತು. ಕಿಟಕಿ ಇಳಿಯಿತು.

"ಇರಜ್ ಜಾನ್, ದಯವಿಟ್ಟು ನಮ್ಮ ಕಾ..."

ಇರಜ್ ಆಗಾ ಆಗಲೇ ಹತ್ತಿ ಕೂತಾಗಿತ್ತು! ಅವರ ವಂಶದಲ್ಲಿ ಯಾರೂ ಮೊದಲನೆಯ ಮಾತಿಗೆ, ಅದೂ ಅರ್ಧ ಮಾತಿಗೆ, ಒಪ್ಪಿಕೊಂಡ ದಾಖಲೆಯಿಲ್ಲ. ಎಳೆದೊಯ್ಯುವ ಲಾರಿಯವರಿಗೆ ನಾದೆರನೇ ಫೋನು ಮಾಡಿದ. ಹಿಂದಿನ ಸೀಟಿನಲ್ಲಿ ಒಂದು ಕಡೆ ಅತ್ತೆ, ಇನ್ನೊಂದು ಕಡೆ ತೂಬಾ, ಮಧ್ಯೆ ಉಬ್ಬಿನ ಮೇಲೆ, ದಿಂಬಿನ ಮೇಲೆ, ಮಂಡಿ ಗದ್ದಕ್ಕೆ ತಾಗಿಸಿಕೊಂಡು ಇರಜ್ ಆಗಾ. ನಾದೆರ್ ಚುಚ್ಚುತ್ತಾನೆಂದು ಕಾದರು. ಉತ್ತರಗಳನ್ನು ಜೋಡಿಸಿಕೊಂಡರು. ನಾದೆರ್ ಚುಚ್ಚಲಿಲ್ಲ. "ಘಾಟೀಲಿ ಯಾರ ಕಾರಾದ್ರೂ ಬಿಸಿಯಾಗುತ್ತೆ" ಎಂದು ಹೇಳಿ, ಕಿತ್ತಳೆ ಹಣ್ಣು ಸುಲಿದು ಹಿಂದೆ ಕೊಡುವಂತೆ ಹೆಂಡತಿಗೆ ಹೇಳಿದ. ವಾರವಿಡೀ ಅವನನ್ನು ಹಲ್ಲು ಕಚ್ಚಿ ಬೈದಿದ್ದ ಇರಜ್ ಆಗಾರಿಗೆ ಆ ಕಿತ್ತಳೆ ನುಂಗಲಾಗಲಿಲ್ಲ.

ಸಂಜೆ ಮದುವೆ ಮಂಟಪದ ಬಾಗಿಲಲ್ಲಿ ವಧುವಿನ ತಂದೆ, ತೂಬಾಳ ಅಣ್ಣ ಹೂಶಂಗ್, ಎರಡೂ ಕೈ ಚಾಚಿ ಓಡಿಬಂದ. "ಇರಜ್ ಆಗಾ! ನಿಮ್ಮ ಕಾರೆಲ್ಲಿ?"

ಅರವತ್ತು ಜೋಡಿ ಕಣ್ಣು ತಿರುಗಿದವು. ಇರಜ್ ಆಗಾ ಕಣ್ಣು ಮುಚ್ಚಿದರು. ನಾದೆರ್ ಮುಂದೆ ಬಂದು ಎದೆಯ ಮೇಲೆ ಕೈಯಿಟ್ಟ.

"ನಾನೇ ಒತ್ತಾಯ ಮಾಡಿ ಜೊತೆಗೆ ಕರ್ಕೊಂಡು ಬಂದೆ. ದಾರೀಲಿ ನಮಗೂ ಜೊತೆ ಬೇಕಲ್ಲ. ಕಾರಿನ ವಿಷಯದಲ್ಲಿ ಇವರನ್ನ ಮೀರಿಸೋರಿಲ್ಲ ಕಣ್ರೀ. ನಾಲ್ಕು ದಿನದಲ್ಲಿ ಎಲ್ಲಾ ಸೆನ್ಸರೂ ತಾವೇ ಬದಲಿಸಿದಾರೆ!"

ಇರಜ್ ಆಗಾರ ಎದೆ ಕರಗಿತು. ಇಂಥ ಮನುಷ್ಯನ ಮುಂದೆ ಇನ್ನೂ ಸುಳ್ಳು ಹೇಳುವುದೇ? ಜೀವನದಲ್ಲಿ ಮೊದಲ ಸಲ ಅವರು ಎಲ್ಲರ ಮುಂದೆ, ಗಟ್ಟಿಯಾಗಿ, ತಪ್ಪೊಪ್ಪಿಕೊಂಡರು.

"ಇಲ್ಲ! ನಾದೆರ್ ಜಾನ್ ನನ್ನ ಮಾನ ಉಳಿಸೋಕೆ ಹೇಳ್ತಿದಾರೆ. ನನಗೆ ಕಾರಿನ ಬಗ್ಗೆ ಏನೇನೂ ಗೊತ್ತಿಲ್ಲ. ಥರ್ಮೋಸ್ಟಾಟ್ ಕಿತ್ತು ನದಿಗೆಸೆದಿದ್ದು ನಾನೇ. ನನ್ನಂಥ ಕತ್ತೆ ಇನ್ನೊಂದಿಲ್ಲ!"

ಮಂಟಪವೆಲ್ಲ ಮೆಚ್ಚುಗೆಯ ಗುಜುಗುಜು.

"ಅಬ್ಬಾ, ಎಂಥ ವಿನಯ!" ಎಂದರು ವರನ ತಂದೆ, ಕಣ್ಣೊರೆಸಿಕೊಂಡು. "ಇಷ್ಟು ತಿಳಿದವರು ಹೀಗೆ ಮಾತಾಡೋದನ್ನ ನಾನು ಕಂಡಿಲ್ಲ."

"ವಿನಯ ಅಲ್ಲ ಸ್ವಾಮಿ, ನಿಜ!"

"ನೋಡಿ, ನೋಡಿ! ಇನ್ನೂ ಬಾಗ್ತಿದಾರೆ!"

ಹೂಶಂಗ್ ಇರಜ್ ಆಗಾರ ಎರಡೂ ಕೈ ಹಿಡಿದುಕೊಂಡ. "ದೇವರೇ ನಿಮ್ಮನ್ನ ಕಳಿಸಿದಾನೆ. ವಧುವಿನ ಕಾರು ಹೂವಿನಲಂಕಾರ ಮಾಡಿ ನಿಲ್ಸಿದೀವಿ, ಎಂಜಿನ್ ದೀಪ ಉರೀತಿದೆ, ಹಿಂದೆ ಕಪ್ಪು ಹೊಗೆ. ಇನ್ನೊಂದು ಗಂಟೇಲಿ ಮೆರವಣಿಗೆ ಹೊರಡ್ಬೇಕು. ನೀವೊಂಚೂರು ಕೈ ಹಾಕಿ."

"ಬೇಡಪ್ಪಾ, ನನ್ನ ಕೈಲಾಗಲ್ಲ!"

"ಹಾಗನ್ಬೇಡಿ, ನಿಮ್ಮ ಕೈಗುಣ ನಮಗೆ ಗೊತ್ತು" ಎಂದರು ವರನ ತಂದೆ.

"ಖುದಾನ ಆಣೆ, ಆಗಲ್ಲ!"

"ಹೋಗಪ್ಪಾ ಅಳಿಯಾ, ಮೊಮ್ಮಗಳ ಮುಖ ನೋಡಿಯಾದ್ರೂ ಹೋಗು" ಎಂದರು ಅತ್ತೆ.

ಮೂರು! ಮೂರೂ ಒತ್ತಾಯ, ಒಂದೂ ತಪ್ಪದೆ, ಬಡ್ಡಿಯಿಲ್ಲದೆ ಬಂದು ಮುಟ್ಟಿದವು. ಯಾರೋ ಅಂಗೈಗೆ ಕೀಲಿ ತುರುಕಿದರು, ಯಾರೋ ಕೋಟು ಕಳಚಿದರು, ಯಾರೋ ಸ್ಪ್ಯಾನರ್ ಪೆಟ್ಟಿಗೆ ತಂದರು. ಜನ ಚಪ್ಪಾಳೆ ತಟ್ಟುತ್ತ ಅವರನ್ನು ಕಾರಿನ ಕಡೆ ನೂಕಿದರು. ನೂಕಾಟದ ನಡುವೆ ಇರಜ್ ಆಗಾ ಕತ್ತು ತಿರುಗಿಸಿ, ಮುಳುಗುವವನು ದಡದ ಕಡೆ ನೋಡುವಂತೆ, ಹೆಂಡತಿಯನ್ನು ನೋಡಿದರು.

"ತೂಬಾ! ಇವರ್ಯಾರೂ ನಂಬ್ತಿಲ್ಲ ಕಣೇ! ನನಗೆ ಏನೂ ಗೊತ್ತಿಲ್ಲ ಅಂತ ನೀನಾದ್ರೂ ಹೇಳೇ!"

ತೂಬಾ ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು. ಅವಳು ನಿಧಾನವಾಗಿ ತಲೆಯ ಸ್ಕಾರ್ಫಿನಂಚು ಸರಿಪಡಿಸಿಕೊಂಡು, ತಾಯಿಯ ಕೈ ಹಿಡಿದು ಹತ್ತಿರ ಕರೆದಳು.

"ಇನ್ನೊಂದ್ಸಲ ಹೇಳಿ. ಅಮ್ಮನಿಗೆ ಸರಿಯಾಗಿ ಕೇಳಿಸ್ಲಿಲ್ಲ."